ಡಾಂಬರು ಗುಳಿಗೆಯ ತವರುಮನೆ

ಅಜ್ಜಿ ಟ್ರಂಕಿನ ಮುಚ್ಚಳ ಎತ್ತಿದರೆ ಸಾಕು, ಡಾಂಬರು ಗುಳಿಗೆಯ ವಾಸನೆ ಪಡಸಾಲೆವರೆಗೂ ಬರುತ್ತಿತ್ತು. ಬೆಳ್ಳಗಿನ ಗುಳಿಗೆಗೆ ಕರಿ ಡಾಂಬರಿನ ಹೆಸರು ಯಾಕೆ? ಉತ್ತರ ಹೆಸರಿನಲ್ಲೇ ಇದೆ. ಅದರೊಳಗಿನ ನ್ಯಾಫ್ತಲೀನ್ ಅನ್ನು ಸುಮಾರು 1820ರಲ್ಲಿ ಮೊದಲು ಬೇರ್ಪಡಿಸಿದ್ದು ಕಲ್ಲಿದ್ದಲ ಟಾರಿನಿಂದ, ಅಂದರೆ ಕಲ್ಲಿದ್ದಲ ಡಾಂಬರಿನಿಂದ. ಈಗ ನಮ್ಮ ರಸ್ತೆಗೆ ಹಾಕುವ ಡಾಂಬರು ಕಚ್ಚಾ ತೈಲದ್ದು, ಅದು ಬೇರೆ ವಸ್ತು. ನಾನು ಹೇಳಹೊರಟಿರುವುದು ಗ್ಯಾಸ್ ಕಾರ್ಖಾನೆಗಳ ಟಾರಿನ ಕಥೆ.

ಸೌದೆಯನ್ನು ಗಾಳಿ ಆಡದಂತೆ ಮುಚ್ಚಿ ಸುಟ್ಟು ಇದ್ದಿಲು ಮಾಡುತ್ತಾರಲ್ವಾ, ಅದೇ ರೀತಿ ಕಲ್ಲಿದ್ದಲನ್ನು ಮುಚ್ಚಿದ ಕೊಳವೆಯಲ್ಲಿ ಕಾಸಿದರೆ ಉರಿಯುವ ಅನಿಲ ಬರುತ್ತದೆ. ಹೈಡ್ರೋಜನ್, ಮೀಥೇನ್, ಜೊತೆಗೆ ವಿಷದ ಕಾರ್ಬನ್ ಮೊನಾಕ್ಸೈಡ್. ಅನಿಲ ತಣಿದಾಗ ಕರಿ ಅಂಟಂಟು ಟಾರು ಬೇರೆಯಾಗಿ ಉಳಿಯುತ್ತದೆ. ವಿಲಿಯಂ ಮರ್ಡಾಕ್ 1792ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ತನ್ನ ಮನೆಗೆ ಈ ಅನಿಲದಿಂದ ದೀಪ ಹಚ್ಚಿದ. 1812ರಲ್ಲಿ ಲಂಡನ್ನಿನಲ್ಲಿ ಕಂಪನಿಯೇ ಶುರುವಾಯಿತು. 1857ರಲ್ಲಿ ಕಲ್ಕತ್ತೆಯ ಬೀದಿಗಳಿಗೂ ಗ್ಯಾಸ್ ದೀಪ ಬಂತು. ಬೆಂಗಳೂರು ಮಾತ್ರ ಸೀಮೆಎಣ್ಣೆ ದೀಪದಿಂದ ನೇರ ವಿದ್ಯುತ್ತಿಗೆ ಜಿಗಿಯಿತು, 1905ರಲ್ಲಿ, ಶಿವನಸಮುದ್ರದ ಕೃಪೆಯಿಂದ.

ಎಡಿಸನ್ 1882ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯುತ್ ಮಾರಲು ಕೂತಾಗಲೇ ಗ್ಯಾಸ್ ದೀಪಕ್ಕೆ ಸಂಕಟ ಶುರು. ಅದನ್ನು ಒಂದಷ್ಟು ಕಾಲ ಉಳಿಸಿದ್ದು ಆಸ್ಟ್ರಿಯಾದ ಕಾರ್ಲ್ ಆವರ್ ಕಂಡುಹಿಡಿದ ಮ್ಯಾಂಟಲ್. ಹಿಂದೆ ಯಕ್ಷಗಾನದ ರಂಗಸ್ಥಳ ಬೆಳಗುತ್ತಿದ್ದ ಗ್ಯಾಸ್‌ಲೈಟಿನ ಬಲೆ ಇದೆಯಲ್ಲ, ಅದೇ! ಉರಿದದ್ದು ಸೀಮೆಎಣ್ಣೆಯಾದರೂ ಬಲೆ ಹುಟ್ಟಿದ್ದು ಕಲ್ಲಿದ್ದಲ ಗ್ಯಾಸಿಗಾಗಿ. ದೀಪದ ವ್ಯಾಪಾರ ಹೋದ ಮೇಲೂ ಗ್ಯಾಸ್ ಒಲೆ ಇತ್ತು. ಆಮೇಲೆ ನೆಲದಡಿಯ ನೈಸರ್ಗಿಕ ಅನಿಲ ಬಂತು. ಅಷ್ಟೇ ಪ್ರಮಾಣಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಶಾಖ, ಟಾರಿನ ರಗಳೆ ಇಲ್ಲ. ಉತ್ತರ ಸಮುದ್ರದಲ್ಲಿ 1965ರಲ್ಲಿ ಅನಿಲ ಸಿಕ್ಕಿತು. 1967ರಿಂದ 1977ರ ಒಳಗೆ ಬ್ರಿಟನ್ನಿನವರು ಮನೆಮನೆಗೂ ಹೋಗಿ ಒಲೆಗಳ ಬರ್ನರ್ ಬದಲಿಸಿದರು. ಕಾರ್ಖಾನೆಗಳು ಮುಚ್ಚಿದವು. ಅವುಗಳಿಂದ ಸೋರಿ ನೆಲಕ್ಕಿಳಿದಿದ್ದ ಟಾರು ಉಳಿಯಿತು.

"ಭೂಮಿತಾಯಿ ಎಲ್ಲವನ್ನೂ ಅರಗಿಸಿಕೊಳ್ಳುತ್ತಾಳೆ" ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಈ ಮಾತು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಸಗಣಿಗೆ, ಎಲೆಗೆ ಅದು ನಿಜ. ಟಾರಿಗೆ ಅಲ್ಲ.

ಎಣ್ಣೆ ನೀರಿನ ಮೇಲೆ ತೇಲುತ್ತದೆ. ಕಲ್ಲಿದ್ದಲ ಟಾರು ಮುಳುಗುತ್ತದೆ. ಚಿಕ್ಕಿ ಮಾಡುವಾಗ ಪಾಕ ನೋಡಲು ಒಂದು ತೊಟ್ಟು ಬೆಲ್ಲದ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಡುತ್ತೇವೆ. ಅದು ನೇರ ತಳಕ್ಕೆ ಹೋಗಿ ಕೂರುತ್ತದೆ. ನೆಲದೊಳಗೂ ಹಾಗೇ. ಟಾರು ಮರಳಿನ ಸಂದಿಯಲ್ಲಿ ಇಳಿಯುತ್ತದೆ, ಅಂತರ್ಜಲ ಸಿಕ್ಕಿದರೂ ನಿಲ್ಲುವುದಿಲ್ಲ. ಕೆಳಗೆ ಜೇಡಿಮಣ್ಣಿನ ಪದರ ತಟ್ಟೆಯ ಹಾಗೆ ಅಡ್ಡ ಬಂದರೆ ಅದರ ತಗ್ಗಿನಲ್ಲಿ ಮಡುಗಟ್ಟುತ್ತದೆ. ಬೆಲ್ಲವಾದರೆ ಸ್ವಲ್ಪ ಹೊತ್ತಿಗೆ ಕರಗಿ ಮುಗಿಯುತ್ತದೆ. ಟಾರು ಟ್ರಂಕಿನ ಗುಳಿಗೆಯಂತೆ: ವರ್ಷಗಟ್ಟಲೆ ಸವೆಯುತ್ತಾ, ದಿನಾ ಇಷ್ಟಿಷ್ಟೇ ಬಿಡುತ್ತಾ ಇರುತ್ತದೆ. ಅಲ್ಲಿ ಸೀರೆಗೆ ವಾಸನೆ, ಇಲ್ಲಿ ಅಂತರ್ಜಲಕ್ಕೆ ಬೆಂಜೀನ್ ಮತ್ತು ನ್ಯಾಫ್ತಲೀನ್.

ಹಾಗಾದರೆ ಮಣ್ಣಿನ ಬ್ಯಾಕ್ಟೀರಿಯಾ ಏನು ಮಾಡುತ್ತವೆ? ತಿನ್ನುತ್ತವೆ. ಆದರೆ ಅವು ಬದುಕುವುದು ನೀರಿನಲ್ಲಿ. ಟಾರಿನ ಮಡುವಿನ ಒಳಕ್ಕೆ ಹೋಗಲಾರವು, ಅಂಚಿನಲ್ಲಿ ನೀರಿಗೆ ಕರಗಿ ಬಂದಷ್ಟೇ ಅವುಗಳ ಪಾಲು. ಆಳದಲ್ಲಿ ಆಮ್ಲಜನಕವೂ ಕಮ್ಮಿ. ನ್ಯಾಫ್ತಲೀನಿನ ಅಣುವಿನಲ್ಲಿ ಇಂಗಾಲದ ಎರಡು ಉಂಗುರ, ಅದನ್ನು ಹೇಗೋ ಒಡೆಯುತ್ತವೆ. ಟಾರಿನಲ್ಲೇ ಇರುವ ಬೆಂಜೊಪೈರೀನ್‌ನಲ್ಲಿ ಐದು ಉಂಗುರ ಒಂದಕ್ಕೊಂದು ಅಂಟಿಕೊಂಡಿವೆ. ಅದು ಚಕ್ಕುಲಿಯಲ್ಲ, ಕಬ್ಬಿಣದ ಕಡಲೆ. ಅದು ಕ್ಯಾನ್ಸರ್ ತರುವ ವಸ್ತು ಕೂಡ. ಟೋಕಿಯೋದ ಯಾಮಾಗಿವಾ ಮತ್ತು ಇಚಿಕಾವಾ ತಿಂಗಳುಗಟ್ಟಲೆ ಮೊಲಗಳ ಕಿವಿಗೆ ಕಲ್ಲಿದ್ದಲ ಟಾರು ಸವರಿ ಕ್ಯಾನ್ಸರ್ ಬರಿಸಿದ್ದನ್ನು 1915ರ ಹೊತ್ತಿಗೇ ತೋರಿಸಿದ್ದರು. ಅದಾದ ಮೇಲೂ ದಶಕಗಟ್ಟಲೆ ಕಾರ್ಖಾನೆಗಳು ನಡೆದವು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಗೋವಾನಸ್ ಅಂತ ಮೂರು ಕಿಲೋಮೀಟರಿಗೂ ಕಮ್ಮಿ ಉದ್ದದ ಕಾಲುವೆ ಇದೆ. ಅದರ ದಂಡೆಯಲ್ಲಿ ಮೂರು ಗ್ಯಾಸ್ ಕಾರ್ಖಾನೆಗಳಿದ್ದವು. ಟಾರು ಇಳಿದು ಇಳಿದು ತಳದ ಕೆಸರು ಕಪ್ಪಾಯಿತು. ಅಲ್ಲಿನ ಜನ ಅದನ್ನು ಕರಿ ಮೇಯೊನೇಸ್ ಅನ್ನುತ್ತಾರೆ. 2010ರಲ್ಲಿ ಅಮೆರಿಕ ಸರ್ಕಾರ ಅದನ್ನು ಅತಿ ಕಲುಷಿತ ಜಾಗಗಳ ಪಟ್ಟಿಗೆ ಸೇರಿಸಿತು, 2020ರಲ್ಲಿ ಹೂಳೆತ್ತುವ ಕೆಲಸ ಶುರುವಾಯಿತು. ಬರೀ ಹೂಳೆತ್ತಿದರೆ ಆಗದು, ಟಾರು ಅದಕ್ಕಿಂತ ಕೆಳಗೂ ಇಳಿದಿದೆ. ಅದಕ್ಕೇ ಅಂಥ ಕಡೆ ಕೆಸರಿಗೆ ಅಲ್ಲೇ ಸಿಮೆಂಟ್ ಬೆರೆಸಿ ಗಟ್ಟಿ ಮಾಡುವ, ಮೇಲೆ ಟಾರು ಹೀರುವ ಪದರ ಹಾಕಿ ಮರಳು ಹೊದಿಸುವ ಯೋಜನೆ. ದಂಡೆಯ ಟಾರು ಮತ್ತೆ ಜಿನುಗದಂತೆ ನೆಲದೊಳಗೆ ಉಕ್ಕಿನ ತಡೆಗೋಡೆ ಇಳಿಸುತ್ತಾರೆ. ಆ ಗೋಡೆಯ ಹಿಂದೆ ಟಾರು ಇದ್ದಲ್ಲೇ ಇರುತ್ತದೆ.