ಎನ್‌ಸಿವಿ, ಇಎಂಜಿ, ಬಯಾಪ್ಸಿ, ಜೀನ್ ಪರೀಕ್ಷೆ: ಯಾವುದು ಮೊದಲು, ಏಕೆ?

ಕೈಬೆರಳು ಜೋಮು ಹಿಡಿಯುತ್ತದೆ, ರಾತ್ರಿಯಾದರೆ ಅಂಗಾಲು ಉರಿಯುತ್ತದೆ, ಕುಳಿತಲ್ಲಿಂದ ಏಳಲು ತೊಡೆಯ ಮೇಲೆ ಕೈಯೂರಬೇಕಾಗುತ್ತದೆ ಎಂದು ಆಸ್ಪತ್ರೆಗೆ ಹೋದವರು ಈಚೆಗೆ ಒಂದಕ್ಕಿಂತ ಹೆಚ್ಚು ಚೀಟಿಗಳನ್ನು ಹಿಡಿದು ಹೊರಬರುತ್ತಾರೆ. ಒಂದರಲ್ಲಿ ನರದ ವೇಗ ಅಳೆಯುವ ಎನ್‌ಸಿವಿ, ಇನ್ನೊಂದರಲ್ಲಿ ಸ್ನಾಯುವಿಗೆ ಸೂಜಿ ಹಾಕಿ ಅದರ ವಿದ್ಯುತ್ ಅಲೆ ನೋಡುವ ಇಎಂಜಿ, ಮತ್ತೊಂದರಲ್ಲಿ ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವವನ್ನು ಅಳೆಯುವ ಸಿಪಿಕೆ ಎಂಬ ರಕ್ತಪರೀಕ್ಷೆ. ಕೆಲವೊಮ್ಮೆ ಎಂಆರ್‌ಐ, ಅದರ ಹಿಂದೆಯೇ ಜೀನ್ ಪರೀಕ್ಷೆ. ವಾರದ ಬಳಿಕ ಬರುವ ವರದಿಗಳಲ್ಲಿ ಒಂದು ಎಲ್ಲವೂ ಸರಿಯಿದೆ ಎಂದರೆ ಇನ್ನೊಂದು ದೋಷವಿದೆ ಎನ್ನುತ್ತದೆ. ಈ ಪರೀಕ್ಷೆಗಳು ಒಂದೇ ಪ್ರಶ್ನೆಗೆ ಉತ್ತರ ಹುಡುಕಲು ಹುಟ್ಟಿದವಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾಯಿಲೆಗಳನ್ನು ಎದುರಿಗಿಟ್ಟುಕೊಂಡು ರೂಪುಗೊಂಡವು. ಗೊಂದಲದ ಬೇರು ಬಹುಮಟ್ಟಿಗೆ ಅಲ್ಲಿದೆ.

ಮೊದಲ ನೂರೈವತ್ತು ವರ್ಷಗಳನ್ನು ಬೇಗ ದಾಟಬಹುದು. 1791ರಲ್ಲಿ ಇಟಲಿಯ ಗ್ಯಾಲ್ವಾನಿ ಕಪ್ಪೆಯ ಕಾಲಿನ ಮಿಡಿತಕ್ಕೂ ವಿದ್ಯುತ್ತಿಗೂ ಇರುವ ನಂಟನ್ನು ಪ್ರಕಟಿಸಿದ. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್, ಅಳೆಯಲಾಗದಷ್ಟು ವೇಗದ್ದೆಂದು ನಂಬಲಾಗಿದ್ದ ನರಸಂದೇಶವು ಕಪ್ಪೆಯಲ್ಲಿ ಸೆಕೆಂಡಿಗೆ ಸುಮಾರು ಮೂವತ್ತು ಮೀಟರ್ ಮಾತ್ರ ಸಾಗುತ್ತದೆಂದು ತೋರಿಸಿದ. ಫ್ರಾನ್ಸಿನ ಡ್ಯೂಶೆನ್ ವಿದ್ಯುತ್ ಹಾಯಿಸಿ ಒಂದೊಂದೇ ಸ್ನಾಯುವನ್ನು ಪರೀಕ್ಷಿಸಿದ್ದಲ್ಲದೆ, 1860ರ ದಶಕದಲ್ಲಿ ಸೂಜಿಯಂಥ ಸಾಧನದಿಂದ ಜೀವಂತ ಮಕ್ಕಳ ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ. 1929ರಲ್ಲಿ ಏಡ್ರಿಯನ್ ಮತ್ತು ಬ್ರಾಂಕ್ ಒಳಗೆ ತಂತಿಯಿರುವ ಟೊಳ್ಳು ಸೂಜಿಯನ್ನು ಬಳಕೆಗೆ ತಂದರು. ಇಂದಿಗೂ ಇಎಂಜಿ ಕೋಣೆಯಲ್ಲಿರುವುದು ಆ ಸೂಜಿಯ ಸುಧಾರಿತ ರೂಪವೇ.

ಪರೀಕ್ಷೆಗೆ ರೋಗನಿರ್ಣಯದ ಬಲ ಬಂದದ್ದು ಸೂಜಿಯಿಂದ ಬರುವ ಅಲೆಗಳನ್ನು ವಿಂಗಡಿಸಲು ಕಲಿತ ಮೇಲೆ. 1938ರಲ್ಲಿ ಡೆನ್ನಿ-ಬ್ರೌನ್ ಮತ್ತು ಪೆನ್ನಿಬೇಕರ್ ಎರಡು ಬಗೆಯ ತಾನಾದ ಮಿಡಿತಗಳನ್ನು ಬೇರ್ಪಡಿಸಿದರು. ನರದ ಸಂಪರ್ಕ ಕಳೆದುಕೊಂಡ ಒಂಟಿ ಸ್ನಾಯುತಂತು ತನ್ನಷ್ಟಕ್ಕೆ ಮಿಡಿಯುವುದು ಫೈಬ್ರಿಲೇಷನ್. ಅದು ಚರ್ಮದ ಮೇಲಿನಿಂದ ಕಾಣುವುದಿಲ್ಲ, ಸೂಜಿಗೆ ಜೋಡಿಸಿದ ಸ್ಪೀಕರಿನಲ್ಲಿ ತಗಡಿನ ಮೇಲೆ ಮಳೆಹನಿ ಬಿದ್ದಂತೆ ಕೇಳುತ್ತದೆ. ಒಂದು ನರತಂತುವಿಗೆ ಸೇರಿದ ಇಡೀ ತಂತುಗುಂಪು ಒಟ್ಟಿಗೆ ಅದುರುವುದು ಫ್ಯಾಸಿಕ್ಯುಲೇಷನ್. ಇದು ಕಣ್ಣಿಗೂ ಕಾಣುತ್ತದೆ, ಆರೋಗ್ಯವಂತರಲ್ಲೂ ಇರುತ್ತದೆ. ಮೀನಖಂಡ ಅದುರಿದ್ದಕ್ಕೇ ಸ್ನಾಯು ನಡೆಸುವ ನರಕೋಶಗಳು ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆಯೆಂದು ಹೆದರಿ ನಿದ್ದೆಗೆಡುವವರು ಈ ಹಳೆಯ ವಿಂಗಡಣೆಯನ್ನು ತಿಳಿದಿದ್ದರೆ ಒಳ್ಳೆಯದು.

ಎರಡನೆಯ ಮಹಾಯುದ್ಧ ಈ ವಿದ್ಯೆಯನ್ನು ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ತಂದಿತು. ಗುಂಡೇಟಿನಿಂದ ಕೈಕಾಲಿನ ನರ ಹರಿದ ಸೈನಿಕರ ಎದುರು ಶಸ್ತ್ರವೈದ್ಯರಿಗೆ ಇದ್ದ ಪ್ರಶ್ನೆ ಒಂದೇ: ನರ ತಾನಾಗಿ ಚಿಗುರೀತೇ, ಕೊಯ್ದು ಹೊಲಿಯಬೇಕೇ? ಸೂಜಿ ಉತ್ತರ ಕೊಡುತ್ತಿತ್ತು, ಆದರೆ ತನ್ನದೇ ಸಮಯದಲ್ಲಿ. ನರ ತುಂಡಾದರೂ ಗಾಯದ ಕೆಳಗಿನ ಭಾಗ ಕೆಲವು ದಿನ ವಿದ್ಯುತ್ ಹರಿಸುತ್ತಲೇ ಇರುತ್ತದೆ. ಫೈಬ್ರಿಲೇಷನ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ವಾರ ಬೇಕು. ಅಪಘಾತವಾದ ಮರುದಿನವೇ ಮಾಡಿಸಿದ ಪರೀಕ್ಷೆ ಪೂರ್ತಿ ಚಿತ್ರ ಕೊಡದಿರುವುದಕ್ಕೆ ಕಾರಣ ಇದೇ ಹೊರತು ಯಂತ್ರದ ದೋಷವಲ್ಲ.

ಯುದ್ಧ ಮುಗಿದ ಬೆನ್ನಿಗೆ, 1948ರಲ್ಲಿ, ಹೋಡ್ಸ್, ಲಾರಬೀ ಮತ್ತು ಜರ್ಮನ್ ಎಂಬ ಅಮೆರಿಕದ ಸಂಶೋಧಕರು ಮನುಷ್ಯರ ಚಲನನರಗಳ ವೇಗವನ್ನು ಗಾಯಗೊಂಡ ಮತ್ತು ಗಾಯವಿಲ್ಲದ ನರಗಳಲ್ಲಿ ಅಳೆದರು. ಮರುವರ್ಷ ಬ್ರಿಟನ್ನಿನ ಡಾಸನ್ ಮತ್ತು ಸ್ಕಾಟ್ ಚರ್ಮದ ಮೇಲಿನಿಂದಲೇ ನರದ ಕ್ಷೀಣ ಅಲೆಯನ್ನು ದಾಖಲಿಸಿದರು. ಇಂದು ನಾವು ಎನ್‌ಸಿವಿ ಎನ್ನುವುದರ ಲೆಕ್ಕ ಆಗಿನದೇ. ಹೆಬ್ಬೆರಳಿನ ಬುಡದಲ್ಲಿ ಪಟ್ಟಿ ಅಂಟಿಸಿ, ಮಣಿಕಟ್ಟಿನಲ್ಲಿ ಒಮ್ಮೆ, ಮೊಣಕೈಯಲ್ಲಿ ಒಮ್ಮೆ ಕರೆಂಟು ಕೊಡುತ್ತಾರೆ. ಎರಡು ಬಿಂದುಗಳ ನಡುವೆ ಟೇಪು ಹಿಡಿದಾಗ 220 ಮಿಲಿಮೀಟರ್ ಬಂತು, ಎರಡು ಅಲೆಗಳ ನಡುವಿನ ಅಂತರ 4 ಮಿಲಿಸೆಕೆಂಡ್ ಇತ್ತು ಎನ್ನಿ. ವೇಗ ಸೆಕೆಂಡಿಗೆ 55 ಮೀಟರ್, ಅಂದರೆ ಸಹಜ. ಟೇಪು 2 ಸೆಂಟಿಮೀಟರ್ ತಪ್ಪಿ 200 ಎಂದು ಬರೆದುಕೊಂಡರೆ ಅದೇ ನರದ ವೇಗ 50ಕ್ಕೆ ಇಳಿಯುತ್ತದೆ. ಕೈಯ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಕಡಿಮೆಯಾದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ತಗ್ಗುತ್ತದೆ. ಎಸಿ ಹಾಕಿದ ಕೋಣೆಯಲ್ಲಿ ಅರ್ಧ ಗಂಟೆ ಕಾದು ಕುಳಿತವರ ತಣ್ಣನೆಯ ಕೈಯನ್ನು ಬೆಚ್ಚಗೆ ಮಾಡದೆ ಪರೀಕ್ಷಿಸಿದರೆ, ಇಲ್ಲದ ಕಾಯಿಲೆ ಕಾಗದದ ಮೇಲೆ ಹುಟ್ಟಿಕೊಳ್ಳಬಹುದು. ಅನುಭವಿಗಳು ಇದನ್ನು ಹಿಡಿಯುತ್ತಾರೆ: ತಣ್ಣನೆಯ ನರದಲ್ಲಿ ವೇಗ ಇಳಿದರೂ ಅಲೆಯ ಎತ್ತರ ಇಳಿಯುವುದಿಲ್ಲ, ಏರುತ್ತದೆ.

1956ರಲ್ಲಿ ಸಿಂಪ್ಸನ್ ಎಂಬ ವೈದ್ಯ, ಮಣಿಕಟ್ಟಿನ ಸುರಂಗದಲ್ಲಿ ಒತ್ತಿಕೊಂಡ ನರವು ಅಲ್ಲಿ ಮಾತ್ರ ನಿಧಾನವಾಗುವುದನ್ನು ತೋರಿಸಿದ ಮೇಲೆ ಕಾರ್ಪಲ್ ಟನಲ್ ತೊಂದರೆ ಈ ಪರೀಕ್ಷೆಯ ನಿತ್ಯದ ಕೆಲಸವಾಯಿತು. ಅದಕ್ಕೂ ಮೊದಲೇ, 1941ರಲ್ಲಿ, ಹಾರ್ವೆ ಮತ್ತು ಮ್ಯಾಸ್ಲ್ಯಾಂಡ್ ಒಂದೇ ನರಕ್ಕೆ ಮತ್ತೆ ಮತ್ತೆ ಕರೆಂಟು ಕೊಟ್ಟು, ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ದಾಟದ ಮಯಸ್ತೀನಿಯಾ ಕಾಯಿಲೆಯ ರೋಗಿಗಳ ಸ್ನಾಯು ದಣಿಯುವುದನ್ನು ಅಳೆದಿದ್ದರು.

ನಮ್ಮಲ್ಲಿ ಈ ವಿದ್ಯೆ ಏನು ಮಾಡಬಲ್ಲದು ಎಂಬುದಕ್ಕೆ ಒಳ್ಳೆಯ ನಿದರ್ಶನ ಬೆಂಗಳೂರಿನದು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ಮೊನೊಮೆಲಿಕ್ ಅಮಯೋಟ್ರೋಫಿ ಎಂಬ ಸ್ಥಿತಿಯನ್ನು ವಿವರಿಸಿದರು. ಹೆಚ್ಚಾಗಿ ಯುವಕರಲ್ಲಿ, ಒಂದೇ ಕೈ ಅಥವಾ ಒಂದೇ ಕಾಲು ನೋವಿಲ್ಲದೆ ಸೊರಗುತ್ತ ಹೋಗಿ, ಕೆಲವು ವರ್ಷಗಳ ಬಳಿಕ ಅಲ್ಲಿಗೇ ನಿಲ್ಲುವ ಕಾಯಿಲೆಯಿದು. ಕೈಗೆ ಸೀಮಿತವಾದ ರೂಪವನ್ನು ಜಪಾನಿನಲ್ಲಿ ಹಿರಾಯಾಮಾ 1959ರಲ್ಲೇ ಗುರುತಿಸಿದ್ದರು. ಇಂಥ ಯುವಕನ ಕೈಗೆ ಸೂಜಿ ಹಾಕಿದರೆ ನರಸಂಪರ್ಕ ಕಳೆದುಕೊಂಡ ಸ್ನಾಯುವಿನ ಲಕ್ಷಣಗಳೇ ಕಾಣುತ್ತವೆ, ಮತ್ತು ಅವೇ ಲಕ್ಷಣಗಳು ಜೀವಕ್ಕೆ ಎರವಾಗುವ ಎಎಲ್‌ಎಸ್ ಎಂಬ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲೂ ಕಾಣುತ್ತವೆ. ಎರಡನ್ನೂ ಬೇರ್ಪಡಿಸುವುದು ರೋಗಿಯ ವಯಸ್ಸು, ಸೊರಗುವಿಕೆ ಎಷ್ಟು ವರ್ಷದಿಂದ ಎಲ್ಲಿಗೆ ಸೀಮಿತವಾಗಿದೆ ಎಂಬ ವಿವರ, ಕತ್ತು ಬಗ್ಗಿಸಿ ತೆಗೆದ ಎಂಆರ್‌ಐ. ಬರೀ ಇಎಂಜಿ ಕಾಗದವನ್ನು ಓದಿದವರಿಗೆ ಇಪ್ಪತ್ತರ ಹುಡುಗನೂ ಅರುವತ್ತರ ಹಿರಿಯರೂ ಒಂದೇ ಆಗಿ ಕಂಡಾರು.

ಕಂಪ್ಯೂಟರಿಗೆ ಜೋಡಿಸುವ ಸಣ್ಣ ಯಂತ್ರಗಳು ಬಂದ ಮೇಲೆ ಎನ್‌ಸಿವಿ ಜಿಲ್ಲಾ ಪಟ್ಟಣಗಳಿಗೂ ತಲುಪಿತು. ಇದು ಸಣ್ಣ ಲಾಭವಲ್ಲ. ಹಿಂದೆ ಒಂದು ಪರೀಕ್ಷೆಗಾಗಿ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬರಬೇಕಿತ್ತು. ಆದರೆ ಕರೆಂಟು ಕೊಡುವ ಭಾಗವನ್ನು ತಂತ್ರಜ್ಞರು ಮಾಡಬಲ್ಲರು, ಸೂಜಿ ಹಾಕಿ ಆ ಕ್ಷಣದಲ್ಲೇ ಅಲೆಗಳನ್ನು ಕೇಳಿ, ಮುಂದೆ ಯಾವ ಸ್ನಾಯು ನೋಡಬೇಕೆಂದು ತೀರ್ಮಾನಿಸಲು ತರಬೇತಾದ ವೈದ್ಯರೇ ಬೇಕು. ಹೀಗಾಗಿ ಒಟ್ಟಿಗೆ ಬೆಳೆದ ಎರಡು ಪರೀಕ್ಷೆಗಳು ಎಷ್ಟೋ ಕಡೆ ಬೇರ್ಪಟ್ಟಿವೆ. ಬೆನ್ನುಮೂಳೆಯ ಬಳಿ ನರದ ಬೇರು ಒತ್ತಿಕೊಂಡಾಗ ಸಂವೇದನಾ ನರಗಳ ಎನ್‌ಸಿವಿ ಸಹಜವಾಗಿಯೇ ಇರುತ್ತದೆ. ಹಾನಿ ಹಿಡಿಯಬೇಕಾದದ್ದು ಸೂಜಿ. ಮಧುಮೇಹಿಗಳ ಅಂಗಾಲಿನ ಉರಿಗೆ ಕಾರಣವಾಗುವ ಸಣ್ಣ ನರತಂತುಗಳನ್ನಂತೂ ಎನ್‌ಸಿವಿ ಮುಟ್ಟುವುದೇ ಇಲ್ಲ, ಅದು ಅಳೆಯುವುದು ದಪ್ಪ ತಂತುಗಳನ್ನು. ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಎರಗುವ ಗಿಯಾನ್-ಬಾರೆ ಸಿಂಡ್ರೋಮ್, ಅಂದರೆ 2025ರ ಆರಂಭದಲ್ಲಿ ಪುಣೆಯಲ್ಲಿ ಗುಂಪಾಗಿ ಕಾಣಿಸಿಕೊಂಡು ಸುದ್ದಿಯಾದ ಜಿಬಿಎಸ್‌ನಲ್ಲಿ, ಮೊದಲ ವಾರದ ವರದಿ ಸಹಜವಾಗಿದ್ದರೂ ರೋಗಿ ಉಸಿರಾಟದ ತೊಂದರೆಯತ್ತ ಸಾಗುತ್ತಿರಬಹುದು. ‘ನಾರ್ಮಲ್’ ಎಂಬ ಪದಕ್ಕೆ ಈ ಮೂರು ಕಡೆ ಮೂರು ಬೇರೆ ಬೆಲೆ.

ಉಚಿತ ಶಿಬಿರಗಳಲ್ಲಿ ಪಾದಕ್ಕೆ ಕಂಪನದ ಕಡ್ಡಿ ಹಿಡಿದು ವೋಲ್ಟ್‌ಗಳಲ್ಲಿ ಅಂಕಿ ಹೇಳುವ ಬಯೋಥೀಸಿಯೋಮೀಟರ್ ಎನ್‌ಸಿವಿ ಅಲ್ಲ. 25 ವೋಲ್ಟ್ ಮೀರಿದರೆ ಪಾದದ ಹುಣ್ಣಿನ ಅಪಾಯ ಹೆಚ್ಚು ಎಂದು ಎಚ್ಚರಿಸುವುದಷ್ಟೇ ಅದರ ಕೆಲಸ. ನರ ಏಕೆ ಕೆಟ್ಟಿತು ಎಂದು ಅದು ಹೇಳದು. ಕಾರಣ ಬಿ12 ಕೊರತೆಯಾಗಿದ್ದರೆ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ಸ್ನಾಯು ಕಾಯಿಲೆಗಳ ದಾರಿ ಬೇರೆಯೇ ಆಯಿತು. ಸ್ನಾಯುಗಳು ಕ್ರಮೇಣ ಸವೆಯುವ ವಂಶವಾಹಿ ಕಾಯಿಲೆಯಾದ ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಸಿಪಿಕೆ ಏರುವುದನ್ನು ಜಪಾನಿನ ಎಬಾಶಿ ಮತ್ತು ಸಂಗಡಿಗರು 1959ರಲ್ಲಿ ತೋರಿಸಿದರು. ಈ ಅಗ್ಗದ ಪರೀಕ್ಷೆಯನ್ನು ಮರೆಯುವುದರಿಂದ ಆಗುವ ವಿಳಂಬ ಸಣ್ಣದಲ್ಲ: ಲಿವರ್ ಪರೀಕ್ಷೆಯಲ್ಲಿ ಅಳೆಯುವ ಎಸ್‌ಜಿಓಟಿ, ಎಸ್‌ಜಿಪಿಟಿ ಕಿಣ್ವಗಳು ಸ್ನಾಯುವಿನಿಂದಲೂ ಸೋರುವ ಕಾರಣ, ಪದೇ ಪದೇ ಬೀಳುವ ಹುಡುಗನಿಗೆ ತಿಂಗಳುಗಟ್ಟಲೆ ಲಿವರ್ ಔಷಧ ನಡೆದಿರುತ್ತದೆ. ಸಿಪಿಕೆ ಬಂದ ಬಳಿಕವೂ ದಶಕಗಳ ಕಾಲ ಕೊನೆಯ ಮಾತು ಸ್ನಾಯುವಿನ ಚೂರು ತೆಗೆದು ನೋಡುವ ಬಯಾಪ್ಸಿಯದಾಗಿತ್ತು. 1986–87ರಲ್ಲಿ ಡಿಸ್ಟ್ರೋಫಿನ್ ಜೀನ್ ಮತ್ತು ಅದರ ಪ್ರೋಟೀನ್, 1995ರಲ್ಲಿ ಬೆನ್ನುಹುರಿಯ ನರಕೋಶ ಸಾಯುತ್ತ ಸ್ನಾಯು ಸೊರಗುವ ಎಸ್‌ಎಂಎ ಕಾಯಿಲೆಯ ಜೀನ್ ಪತ್ತೆಯಾದ ಮೇಲೆ ಕ್ರಮ ತಿರುವುಮುರುವಾಯಿತು. ಆ ಫ್ರೆಂಚ್ ವೈದ್ಯನ ಹೆಸರು ಹೊತ್ತ ಡ್ಯೂಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯ ಸುಮಾರು ಮೂರರಲ್ಲಿ ಎರಡು ಪ್ರಕರಣಗಳಲ್ಲಿ ಡಿಸ್ಟ್ರೋಫಿನ್ ಜೀನಿನ ದೊಡ್ಡ ತುಂಡೇ ಇರುವುದಿಲ್ಲ. ಎಸ್‌ಎಂಎ ಮಕ್ಕಳಲ್ಲಿ ಶೇ. 95ರಷ್ಟು ಮಂದಿಗೆ ಒಂದು ನಿರ್ದಿಷ್ಟ ಭಾಗದ ಎರಡೂ ಪ್ರತಿ ಕಾಣೆಯಾಗಿರುತ್ತವೆ. ಲಕ್ಷಣ ಸ್ಪಷ್ಟವಿದ್ದರೆ ಇಂಥ ಮಗುವಿಗೆ ಸೂಜಿ ಚುಚ್ಚುವ, ಸ್ನಾಯು ಕೊಯ್ಯುವ ಅಗತ್ಯವೇ ಇಲ್ಲ.

ಲಕ್ಷಣ ಸ್ಪಷ್ಟವಿಲ್ಲದಿದ್ದಾಗ ಸಾವಿರಾರು ಜೀನ್‌ಗಳನ್ನು ಒಮ್ಮೆಗೇ ಓದಿಸುವ ಎಕ್ಸೋಮ್ ಪರೀಕ್ಷೆ ಬರೆಯುವುದು ಈಗಿನ ರೂಢಿ. ಅದರ ವರದಿ ಎಷ್ಟೋ ಸಲ ‘ವಿಯುಎಸ್’, ಅಂದರೆ ಅರ್ಥ ನಿಶ್ಚಯವಾಗದ ಬದಲಾವಣೆ ಎಂಬ ಸಾಲಿನೊಂದಿಗೆ ಬರುತ್ತದೆ. ಅದನ್ನು ರೋಗವೆಂದು ಬಗೆದು ಮದುವೆ ಮುರಿಯುವುದೂ ತಪ್ಪು, ಏನೂ ಇಲ್ಲವೆಂದು ಮಡಿಸಿಡುವುದೂ ತಪ್ಪು. ತಂದೆತಾಯಿಯರ ರಕ್ತದಲ್ಲಿ ಅದೇ ಬದಲಾವಣೆ ಇದೆಯೇ, ಸ್ನಾಯುವಿನ ಎಂಆರ್‌ಐಯಲ್ಲಿ ಆ ಕಾಯಿಲೆಗೆ ತಕ್ಕ ಸ್ನಾಯುಗಳೇ ಸವೆದಿವೆಯೇ, ಬಯಾಪ್ಸಿಯಲ್ಲಿ ಆ ಪ್ರೋಟೀನ್ ನಿಜಕ್ಕೂ ಕಡಿಮೆಯಿದೆಯೇ ಎಂದು ನೋಡಬೇಕು. ಬಳಕೆ ತಪ್ಪಿದೆಯೆಂದು ಭಾವಿಸಲಾಗಿದ್ದ ಸೂಜಿಯೂ ಬಯಾಪ್ಸಿಯೂ ಹೀಗೆ ಜೀನ್ ವರದಿಯ ನಂತರ ಮತ್ತೆ ಸರದಿಗೆ ಬಂದಿವೆ.