ಶ್ರೀದೇವಿ ನಡುವೆ ಎಷ್ಟು ವರ್ಷ ಕಣ್ಮರೆಯಾಗಿದ್ದರು?

ಪ್ರಶ್ನೆ: ಬಾಲನಟಿಯಾಗಿದ್ದ ಶ್ರೀದೇವಿಯವರು ನಾಯಕಿಯಾಗುವ ಮೊದಲು ಎಷ್ಟು ವರ್ಷ ಚಿತ್ರರಂಗದಿಂದ ದೂರವಿದ್ದರು? ‘ಹಿಮ್ಮತ್‌ವಾಲಾ’ ಅವರ ಮೊದಲ ಚಿತ್ರವೆಂದು ಕೆಲವರು ಹೇಳುತ್ತಾರೆ, ಅದು ಅವರ ಎರಡನೆಯ ಇನಿಂಗ್ಸ್ ಎಂದು ಇನ್ನು ಕೆಲವರು ಹೇಳುತ್ತಾರೆ. ಇವುಗಳಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಅವರು ದೂರವಿದ್ದದ್ದು ಒಂದು ವರ್ಷವೂ ಇಲ್ಲ. ಉತ್ತರ ಇಷ್ಟೇ ಆದರೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತಲೇ ಇರುವುದರಿಂದ, ಈ ಬಾರಿ ಸ್ವಲ್ಪ ದೀರ್ಘವಾಗಿಯೇ ಬರೆದು ಮುಗಿಸಿಬಿಡುತ್ತೇನೆ.

ಮೊದಲು ಲೆಕ್ಕ ನೋಡೋಣ. ಶ್ರೀದೇವಿ ಹುಟ್ಟಿದ್ದು 1963ರ ಆಗಸ್ಟ್ 13ರಂದು, ತಮಿಳುನಾಡಿನ ಶಿವಕಾಶಿಯ ಬಳಿಯ ಮೀನಂಪಟ್ಟಿಯಲ್ಲಿ. 1967ರ ‘ಕಂದನ್ ಕರುಣೈ’, 1969ರ ‘ತುಣೈವನ್’ ಎಂಬ ತಮಿಳು ಭಕ್ತಿಚಿತ್ರಗಳೆರಡರಲ್ಲೂ ಅವರದು ಬಾಲ ಮುರುಗನ ವೇಷ; ಎಂದರೆ ಹೆಣ್ಣುಮಗು ತೆರೆಗೆ ಬಂದದ್ದೇ ಗಂಡು ದೇವರಾಗಿ. 1971ರ ಮಲಯಾಳಂ ಚಿತ್ರ ‘ಪೂಂಪಾಟ್ಟ’ ಅವರಿಗೆ ಕೇರಳ ರಾಜ್ಯದ ಅತ್ಯುತ್ತಮ ಬಾಲಕಲಾವಿದೆ ಪ್ರಶಸ್ತಿಯನ್ನು ತಂದುಕೊಟ್ಟಿತು. 1974ರಲ್ಲಿ ಕನ್ನಡದ ‘ಭಕ್ತ ಕುಂಬಾರ’ದಲ್ಲಿ ರಾಜ್‌ಕುಮಾರ್ ಅವರಿದ್ದ ತೆರೆಯ ಮೇಲೆ ಈ ಪುಟ್ಟ ಹುಡುಗಿಯೂ ಇದ್ದಾಳೆ, ಮುಂದಿನ ಬಾರಿ ಆ ಚಿತ್ರ ಟಿ.ವಿ.ಯಲ್ಲಿ ಬಂದಾಗ ಗಮನವಿಟ್ಟು ನೋಡಿ.

ಮುಂದೆ ಕಣ್ಮರೆಯಾದರೆಂದು ಎಲ್ಲರೂ ಭಾವಿಸುವ ವರ್ಷಗಳು ಬರುತ್ತವೆ. 1975ರ ಹಿಂದಿ ‘ಜೂಲಿ’ಯಲ್ಲಿ ಅವರು ನಮಗೆಲ್ಲ ಗೊತ್ತಿರುವ ಲಕ್ಷ್ಮಿಯವರಿಗೆ ತಂಗಿ. 1976ರಲ್ಲಿ ಕೆ. ಬಾಲಚಂದರ್ ಅವರ ‘ಮೂಂಡ್ರು ಮುಡಿಚ್ಚು’ ಚಿತ್ರಕ್ಕೆ ಅವರೇ ನಾಯಕಿ. 1977ರಲ್ಲಿ ಭಾರತಿರಾಜ ಅವರ ‘16 ವಯದಿನಿಲೇ’ ಬಂತು. 1978ರಲ್ಲಿ ಅದೇ ಕಥೆ ತೆಲುಗಿನಲ್ಲಿ ‘ಪದಹಾರೇಳ್ಳ ವಯಸು’ ಆಯಿತು, ನಾಯಕಿ ಮತ್ತೆ ಇವರೇ. 1979ರಲ್ಲಿ ತೆಲುಗಿನ ‘ವೇಟಗಾಡು’, ಹಿಂದಿಯ ‘ಸೋಲ್ವಾ ಸಾವನ್’ ಬಂದವು. ಕನ್ನಡದಲ್ಲಿ ಅಂಬರೀಶ್, ರಜನೀಕಾಂತ್ ಅವರೊಂದಿಗೆ ‘ಪ್ರಿಯಾ’ ಬಂತು. ತಂಗಿಯ ಪಾತ್ರದಿಂದ ನಾಯಕಿಯ ಪಾತ್ರಕ್ಕೆ ಬರಲು ಹಿಡಿದದ್ದು ಒಂದು ವರ್ಷ. ಇದರ ನಡುವೆ ಕಣ್ಮರೆಯಾಗಲು ಜಾಗ ಎಲ್ಲಿದೆ?

‘ಮೂಂಡ್ರು ಮುಡಿಚ್ಚು’ ಚಿತ್ರದ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡಿದರೆ ಈ ಅವಸರದ ಅಂದಾಜು ಸಿಗುತ್ತದೆ. ಕೆರೆಯ ನಡುವೆ ದೋಣಿ ಸಾಗಿದೆ. ದೋಣಿಯಲ್ಲಿ ಕಮಲ್ ಹಾಸನ್, ರಜನೀಕಾಂತ್ ಮತ್ತು ಶ್ರೀದೇವಿ. ಆಕೆ ಪ್ರೀತಿಸಿದವನು ನೀರಿಗೆ ಬಿದ್ದಿದ್ದಾನೆ. ಈಜು ಬಾರದ ಆಕೆ ಉಳಿಸೆಂದು ಗೋಗರೆಯುತ್ತಿದ್ದರೂ ರಜನೀಕಾಂತ್ ಪಾತ್ರ ಏನೂ ಕೇಳಿಸದವನಂತೆ ಹುಟ್ಟು ಹಾಕುತ್ತಲೇ ಹೋಗುತ್ತದೆ. ಮುಂದೆ ಆಕೆ ಅದೇ ಮನುಷ್ಯನ ವಿಧುರ ತಂದೆಯನ್ನು ಮದುವೆಯಾಗಿ, ಅವನಿಗೆ ಮಲತಾಯಿಯಾಗಿ ಆ ಮನೆಗೆ ಕಾಲಿಡುತ್ತಾಳೆ. ಸಂಕಟ, ಹಟ, ಸೇಡು ಎಲ್ಲವನ್ನೂ ಮುಖದಲ್ಲಿ ಹೊತ್ತು ರಜನೀಕಾಂತ್ ಅವರಿಗೆ ತಾಯಿಯ ಸ್ಥಾನದಲ್ಲಿ ನಿಂತ ಆ ಕಲಾವಿದೆಗೆ, ಚಿತ್ರ ತೆರೆಕಂಡಾಗ ತುಂಬಿದ್ದು 13 ವರ್ಷ. ಮರುವರ್ಷ ‘16 ವಯದಿನಿಲೇ’ ಚಿತ್ರದ ಹದಿನಾರರ ಮಯಿಲ್ ಆದಾಗ 14. ಮೈಸೂರು, ಕೊಳ್ಳೇಗಾಲದ ಸುತ್ತ ಚಿತ್ರೀಕರಣವಾದ ಆ ಚಿತ್ರದ ನಿರ್ದೇಶಕರು ನಮ್ಮ ಪುಟ್ಟಣ್ಣ ಕಣಗಾಲರ ಬಳಿ ಸಹಾಯಕರಾಗಿ ದುಡಿದು ಕಲಿತವರು. ಆದ್ದರಿಂದ ಆಕೆಯ ವೃತ್ತಿಯಲ್ಲಿ ನಾವು ಬೆರಗಾಗಬೇಕಾದದ್ದು ಬಿಡುವಿಗಲ್ಲ, ಬಿಡುವೇ ಇಲ್ಲದ್ದಕ್ಕೆ. ಬೆರಗಿನ ಜೊತೆಗೆ ಸ್ವಲ್ಪ ಕಸಿವಿಸಿಯೂ ಆಗಬೇಕು, ಏಕೆಂದರೆ ಬಾಲ್ಯ ಮತ್ತು ಯೌವನಗಳ ನಡುವೆ ಇರಬೇಕಾದ ಹರೆಯ ಎಂಬುದು ಆಕೆಯ ತೆರೆಯ ಬದುಕಿನಲ್ಲಿ ಇಲ್ಲವೇ ಇಲ್ಲ.

ಇನ್ನೂ ನಂಬಿಕೆ ಬಾರದವರಿಗೆ ತೆಲುಗಿನ ಉದಾಹರಣೆಯೊಂದು ಸಾಕು. ಬಿ.ಆರ್. ಪಂತುಲು ಅವರ ಕನ್ನಡದ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ತೆಲುಗಿನವರು 1972ರಲ್ಲಿ ‘ಬಡಿ ಪಂತುಲು’ ಎಂದು ತೆಗೆದರು. ಅದರಲ್ಲಿ ಎನ್.ಟಿ. ರಾಮರಾವ್ ಅವರ ಮೊಮ್ಮಗಳಾಗಿ ಕುಣಿದಾಡಿದವರು ಶ್ರೀದೇವಿ. ಏಳು ವರ್ಷಗಳ ಬಳಿಕ ‘ವೇಟಗಾಡು’ ಚಿತ್ರದಲ್ಲಿ ಅದೇ ರಾಮರಾವ್ ಅವರಿಗೆ ಅವರು ನಾಯಕಿಯಾದರು. ಅಜ್ಜನಿಗೆ ಆಗ 56. ಮೊಮ್ಮಗಳಿಗೆ ಇನ್ನೂ 16 ತುಂಬಿರಲಿಲ್ಲ. ಪ್ರೇಕ್ಷಕರು ಬಾಲನಟಿಯನ್ನು ಮರೆಯುವವರೆಗೆ ಕಾದು ಆಮೇಲೆ ನಾಯಕಿಯಾಗಬೇಕೆಂಬ ನಿಯಮವೇನಾದರೂ ಇದ್ದಿದ್ದರೆ, ಆ ಚಿತ್ರ ಓಡಲೇಬಾರದಿತ್ತು. ಅದು ಭರ್ಜರಿಯಾಗಿ ಓಡಿತು.

ಹಾಗಾದರೆ ಈ ಕಣ್ಮರೆಯ ಕಥೆ ಎಲ್ಲಿಂದ ಹುಟ್ಟಿತು? ಕನ್ನಡಿಗರ ಮಟ್ಟಿಗೆ ಇದಕ್ಕೆ ಒಂದು ಕಾರಣ ನಮ್ಮ ಪುನೀತ್ ರಾಜ್‌ಕುಮಾರ್ ಎಂದು ನನಗೆ ಅನ್ನಿಸುತ್ತದೆ. ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಹುಡುಗ 1989ರ ‘ಪರಶುರಾಮ್’ ಬಳಿಕ ತೆರೆಯಿಂದ ದೂರ ಸರಿದು, 2002ರಲ್ಲಿ ‘ಅಪ್ಪು’ವಾಗಿ ಬಂದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಮಲಯಾಳಂ, ತಮಿಳಿನ ಚಿತ್ರಗಳನ್ನು ನೋಡುವವರಿಗೆ ಬೇಬಿ ಶಾಲಿನಿಯ ನೆನಪಿದೆ. 1980ರ ದಶಕದಲ್ಲಿ ಮನೆಮಾತಾಗಿದ್ದ ಆ ಮಗು ನಾಯಕಿಯಾಗಿ ಕಾಣಿಸಿಕೊಂಡದ್ದು 1997ರ ‘ಅನಿಯತ್ತಿಪ್ರಾವು’ ಚಿತ್ರದಲ್ಲಿ. ಇವರಿಬ್ಬರ ವಿಷಯದಲ್ಲಿ ಬಿಡುವು ನಿಜ. ಆದರೆ ಒಬ್ಬರ ಜಾತಕವನ್ನು ತಂದು ಇನ್ನೊಬ್ಬರಿಗೆ ಓದಿದರೆ ಹೇಗೆ?

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು, ಇದನ್ನು ಯಾರೂ ಯೋಚಿಸುವುದಿಲ್ಲ. ಶ್ರೀದೇವಿಯವರ ವೃತ್ತಿಜೀವನವನ್ನು ಒಂದೇ ಭಾಷೆಯ ಕಿಟಕಿಯಿಂದ ನೋಡಿದವರಿಗೆಲ್ಲ ಒಂದೊಂದು ಖಾಲಿ ಜಾಗ ಕಾಣಿಸುತ್ತದೆ. ಕನ್ನಡದ ಪ್ರೇಕ್ಷಕ ಆಕೆಯನ್ನು ‘ಭಕ್ತ ಕುಂಬಾರ’ದಲ್ಲಿ ಮಗುವಾಗಿ ನೋಡಿ, ಐದು ವರ್ಷಗಳ ಮೇಲೆ ‘ಪ್ರಿಯಾ’ದಲ್ಲಿ ತರುಣಿಯಾಗಿ ನೋಡಿ, ನಡುವೆ ಎಲ್ಲಿದ್ದಳೋ ಅಂದುಕೊಂಡ. ಹಿಂದಿಯ ಪ್ರೇಕ್ಷಕನಿಗಂತೂ ‘ಜೂಲಿ’ಯ ತಂಗಿ ನೆನಪಿನಲ್ಲೇ ಉಳಿಯಲಿಲ್ಲ, ಅಮೋಲ್ ಪಾಲೇಕರ್ ಎದುರಿನ ‘ಸೋಲ್ವಾ ಸಾವನ್’ ಸೋತು ಮೂಲೆ ಸೇರಿತು. ಹೀಗಾಗಿ 1983ರಲ್ಲಿ ಜಿತೇಂದ್ರ ಜೊತೆ ‘ಹಿಮ್ಮತ್‌ವಾಲಾ’ದಲ್ಲಿ ಕುಣಿದವಳು ಅವನ ಕಣ್ಣಿಗೆ ಮದ್ರಾಸಿನಿಂದ ಆಗತಾನೇ ರೈಲಿಳಿದ ಹೊಸಮುಖವಾದಳು. ವಾಸ್ತವವಾಗಿ ಆ ಚಿತ್ರದ ನಿರ್ದೇಶಕ ಕೆ. ರಾಘವೇಂದ್ರ ರಾವ್ ಅವರು ‘ಪದಹಾರೇಳ್ಳ ವಯಸು’, ‘ವೇಟಗಾಡು’ ಎರಡನ್ನೂ ನಿರ್ದೇಶಿಸಿದವರು. ತಮಗೆ ಚೆನ್ನಾಗಿ ಗೊತ್ತಿದ್ದ, ನುರಿತ ಕಲಾವಿದೆಯನ್ನೇ ಅವರು ಕರೆದುಕೊಂಡು ಹೋಗಿದ್ದರು. ‘ಹಿಮ್ಮತ್‌ವಾಲಾ’ ಬಂದಾಗ ಶ್ರೀದೇವಿಯವರ ವಯಸ್ಸು 19, ಕಸುಬಿನ ವಯಸ್ಸು 16. ಇದನ್ನು ಮೊದಲ ಚಿತ್ರ ಎನ್ನುವುದು, ಬಸ್ಸು ನಮ್ಮೂರಿಗೆ ಬಂದ ಹೊತ್ತನ್ನೇ ಅದು ಹೊರಟ ಹೊತ್ತೆಂದು ಬರೆದುಕೊಂಡ ಹಾಗೆ.

ಬಾಲನಟನೆಯ ಪಾಠಗಳು ದೊಡ್ಡವರಾದ ಮೇಲೆ ಪ್ರಯೋಜನಕ್ಕೆ ಬರುವುದಿಲ್ಲ ಎಂಬ ಮಾತೂ ಈ ಪುರಾಣದ ಬಾಲಂಗೋಚಿಯಾಗಿ ಬರುತ್ತದೆ. ಅದಕ್ಕೆ ಉತ್ತರ ‘ಮೂಂಡ್ರಾಂ ಪಿರೈ’. ಕನ್ನಡದ ‘ಕೋಕಿಲ’ದಿಂದ ನಿರ್ದೇಶನ ಆರಂಭಿಸಿದ ಬಾಲು ಮಹೇಂದ್ರ ಅವರು 1982ರಲ್ಲಿ ತೆಗೆದ ಈ ಚಿತ್ರದಲ್ಲಿ, ಅಪಘಾತದಿಂದ ನೆನಪು ಕಳೆದುಕೊಂಡು ಮಗುವಿನ ಮನಸ್ಸಿಗೆ ಮರಳಿದ ತರುಣಿಯ ಪಾತ್ರ ಆಕೆಯದು. ದೊಡ್ಡವರು ಮಗುವಿನಂತೆ ನಟಿಸಹೊರಟಾಗ ಸಾಮಾನ್ಯವಾಗಿ ಕಾಣುವ ಅಸಹಜ ತೊದಲು, ಕೃತಕ ಮುಗ್ಧತೆ ಅಲ್ಲಿ ಇಲ್ಲ. ಕೊನೆಯ ದೃಶ್ಯದಲ್ಲಿ ಗುಣವಾಗಿ ರೈಲಿನಲ್ಲಿ ಕುಳಿತ ಆಕೆ, ಕಿಟಕಿಯಾಚೆ ಕೋತಿಯಂತೆ ಕುಣಿದು ನೆನಪಿಸಲು ಹೆಣಗುವ ಕಮಲ್ ಅವರನ್ನು ಯಾರೋ ಹುಚ್ಚನೆಂದು ತಿಳಿದು ನೋಡುವ ನೋಟದಲ್ಲಿ, ಅದುವರೆಗಿನ ಮಗು ಲವಲೇಶವೂ ಉಳಿದಿರುವುದಿಲ್ಲ. ಮೂರನೇ ವಯಸ್ಸಿನಿಂದ ಕ್ಯಾಮೆರಾ ಎದುರು ಬೆಳೆದವರಲ್ಲದೆ ಬೇರೆ ಯಾರಾದರೂ 18ನೇ ವಯಸ್ಸಿಗೆ ಇದನ್ನು ಮಾಡಬಲ್ಲರೆಂದು ನನಗೆ ಅನ್ನಿಸುವುದಿಲ್ಲ.

ನೀವು ಹುಡುಕುತ್ತಿರುವ ಕಣ್ಮರೆ ಇಲ್ಲವೇ ಇಲ್ಲವೆಂದಲ್ಲ. ಅದು ಇರುವುದು ಬೇರೆ ಕಡೆ. 1997ರ ‘ಜುದಾಯಿ’ಯ ಬಳಿಕ, ಸಂಸಾರ, ಇಬ್ಬರು ಹೆಣ್ಣುಮಕ್ಕಳ ಪಾಲನೆಯ ವರ್ಷಗಳಲ್ಲಿ ಆಕೆ ಹಿರಿತೆರೆಯಿಂದ ದೂರವಿದ್ದು, 2012ರ ‘ಇಂಗ್ಲಿಷ್ ವಿಂಗ್ಲಿಷ್’ ಮೂಲಕ ಮರಳಿದರು. 2017ರ ‘ಮಾಮ್’ ಚಿತ್ರಕ್ಕೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಘೋಷಣೆಯಾಗುವ ಹೊತ್ತಿಗೆ ಆಕೆಯೇ ಇರಲಿಲ್ಲ. 2018ರ ಫೆಬ್ರುವರಿ 24ರಂದು ದುಬೈಯಲ್ಲಿ ತೀರಿಕೊಂಡಿದ್ದರು.

ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ: ತಮಿಳು, ತೆಲುಗಿನಲ್ಲಿ ಬೆಳೆದ ಈ ಕಲಾವಿದೆ 1980ರ ದಶಕದ ಹಿಂದಿ ಚಿತ್ರಗಳಲ್ಲಿ ಯಾರ ದನಿಯಲ್ಲಿ ಮಾತನಾಡುತ್ತಿದ್ದರು? ಹಿಂದಿ ನಾಲಿಗೆಗೆ ಹೊರಳದ ಆ ದಿನಗಳ ಹಲವು ಚಿತ್ರಗಳಲ್ಲಿ ಅವರಿಗೆ ಕಂಠದಾನ ಮಾಡಿದವರು ನಾಜ್. ಈ ನಾಜ್ ಬೇರೆ ಯಾರೂ ಅಲ್ಲ, ರಾಜ್ ಕಪೂರ್ ನಿರ್ಮಾಣದ 1954ರ ‘ಬೂಟ್ ಪಾಲಿಶ್’ ಚಿತ್ರದಲ್ಲಿ ಅಣ್ಣನ ಜೊತೆ ಬೀದಿಯಲ್ಲಿ ಬದುಕುವ ಬೇಲು ಎಂಬ ಅನಾಥ ಹುಡುಗಿ. ಆ ಪಾತ್ರಕ್ಕಾಗಿ 1955ರ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಉಲ್ಲೇಖದ ಗೌರವ ಪಡೆದ ಬಾಲನಟಿ. ದೊಡ್ಡವರಾದ ಮೇಲೂ ಅವರು ನಟಿಸಿದರು, ಆದರೆ ಹೆಚ್ಚಾಗಿ ಪೋಷಕ ಪಾತ್ರಗಳಲ್ಲಿ. ಹೀಗೆ ಒಬ್ಬ ಬಾಲನಟಿ ತೆರೆಯ ಮೇಲೆ ತಾರೆಯಾಗಿ ಮಿಂಚುತ್ತಿದ್ದಾಗ, ಇನ್ನೊಬ್ಬ ಬಾಲನಟಿ ಧ್ವನಿಮುದ್ರಣದ ಕೋಣೆಯಲ್ಲಿ ನಿಂತು ಆಕೆಯ ತುಟಿಯ ಚಲನೆಗೆ ತನ್ನ ಮಾತನ್ನು ಹೊಂದಿಸುತ್ತಿದ್ದರು. ಇಬ್ಬರದೂ ಮುಂದುವರಿದ ವೃತ್ತಿಯೇ, ಆದರೆ ನಮ್ಮ ಪಟ್ಟಿಗಳಲ್ಲಿ ಒಬ್ಬರ ಹೆಸರು ಮಾತ್ರ ಇರುತ್ತದೆ. ಶ್ರೀದೇವಿ ತಮ್ಮದೇ ದನಿಯಲ್ಲಿ ಹಿಂದಿ ಮಾತನಾಡಿದ್ದು 1989ರ ‘ಚಾಂದನಿ’ಯಲ್ಲಿ.

ಅದಕ್ಕೂ ಮೊದಲು, 1986ರ ‘ಆಖ್ರೀ ರಾಸ್ತಾ’ದಲ್ಲಿ ಅವರ ಪಾತ್ರಕ್ಕೆ ದನಿ ಕೊಟ್ಟವರು ರೇಖಾ. ಅವರೂ ಬೇಬಿ ಭಾನುರೇಖಾ ಎಂಬ ಹೆಸರಿನಲ್ಲಿ ತೆಲುಗು ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದ ಬಾಲನಟಿಯೇ. ರೇಖಾ ಮೊದಲು ನಾಯಕಿಯಾದದ್ದು ಯಾವ ಹಿಂದಿ ಚಿತ್ರದಲ್ಲಿ ಎಂದು ಮುಂದಿನ ವಾರ ಯಾರಾದರೂ ಕೇಳುವುದು ಖಂಡಿತ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಅದು ಹಿಂದಿಯ ಚಿತ್ರವಲ್ಲ, 1969ರಲ್ಲಿ ರಾಜ್‌ಕುಮಾರ್ ಅವರ ಜೊತೆ ಬಂದ ನಮ್ಮ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’.