ಬೇಕಂತಲೇ ತಪ್ಪಿಸಿದ ಶ್ರುತಿ

ಪಿಯಾನೊಗೆ ಶ್ರುತಿ ಕೂಡಿಸುವುದು ನನ್ನ ಕೆಲಸ. ಅಮೆರಿಕದ ಹಳೇ ಪಿಯಾನೊ ಸಂಗೀತವಾದ ರ‍್ಯಾಗ್‌ಟೈಮ್ ಕಲಿಯಲು ಹೊರಟವರು ಆಗಾಗ ಕೇಳುತ್ತಾರೆ: ‘ಪಿಯಾನೊ ಸ್ವಲ್ಪ ಅಪಶ್ರುತಿಯಲ್ಲೇ ಇರಲಿ, ಹಳೇ ರೆಕಾರ್ಡಿನಲ್ಲಿ ಹಾಗೇ ಇದೆ ಅಲ್ವಾ?’

ರೆಕಾರ್ಡಿನಲ್ಲಿ ಇದೆ, ನಿಜ. ಆದರೆ ಆ ಸಂಗೀತಕ್ಕೆ ಅದು ಬೇಕಿಲ್ಲ.

ಪಿಯಾನೊದ ನಡುವಿನ ಮತ್ತು ಮೇಲಿನ ಒಂದೊಂದು ಸ್ವರಕ್ಕೂ ಮೂರು ತಂತಿ. ಎರಡರ ಬಾಯಿ ಮುಚ್ಚಿಸಿ ಒಂದನ್ನು ಸರಿ ಮಾಡುತ್ತೇನೆ, ಆಮೇಲೆ ಉಳಿದ ಎರಡನ್ನೂ ಅದಕ್ಕೆ ಕೂಡಿಸುತ್ತೇನೆ. ಒಂದು ತಂತಿ ಸೆಕೆಂಡಿಗೆ 440 ಸಲ, ಪಕ್ಕದ್ದು 442 ಸಲ ಕಂಪಿಸಿತು ಅಂತಿಟ್ಟುಕೊಳ್ಳಿ. ಸದ್ದು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ‘ಹಾಂಕಿ ಟಾಂಕ್’ ಅನ್ನುವುದು ಇದನ್ನೇ.

ಇದನ್ನು ಹಿಟ್ ಮಾಡಿದವರಲ್ಲಿ ಟ್ರಿನಿಡಾಡ್‌ನ ವಿನಿಫ್ರೆಡ್ ಅಟ್ವೆಲ್ ಮುಖ್ಯರು. ಲಂಡನ್ನಿನಲ್ಲಿ ಶಾಸ್ತ್ರೀಯ ಪಿಯಾನೊ ಕಲಿತವರು. ಬ್ಯಾಟರ್‌ಸೀಯ ಗುಜರಿ ಅಂಗಡಿಯಲ್ಲಿ 50 ಶಿಲಿಂಗ್‌ಗೆ ಕೊಂಡ ಹಳೇ ಪಿಯಾನೊವನ್ನು ‘ನನ್ನ ಇನ್ನೊಂದು ಪಿಯಾನೊ’ ಅಂತ ವೇದಿಕೆಗೆ ತರುತ್ತಿದ್ದರು. 1908ರ ‘ಬ್ಲ್ಯಾಕ್ ಅಂಡ್ ವೈಟ್ ರ‍್ಯಾಗ್’ ಎಂಬ ರಚನೆ 1952ರಲ್ಲಿ ಅವರ ಕೈಯಲ್ಲಿ ಮತ್ತೆ ಮನೆಮಾತಾಯಿತು. ಅವರ ನುಡಿಸುವಿಕೆ ನನಗೆ ಬಹಳ ಇಷ್ಟ. ಆದರೆ ಆ ಕಾಲದ ಇಂಥ ರೆಕಾರ್ಡುಗಳಿಂದ ರ‍್ಯಾಗ್ ಅಂದರೆ ಹಳೇ ಪಿಯಾನೊ, ಜೋರು ಓಟ ಅನ್ನುವ ನಂಬಿಕೆ ಬೇರೂರಿತು. ಕೆಲವರು ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆ ಹೊದಿಕೆಗೆ, ಅಂದರೆ ಫೆಲ್ಟ್‌ಗೆ ಪಿನ್ನು ಚುಚ್ಚಿ ಸದ್ದನ್ನು ಇನ್ನೂ ಖಣಖಣ ಮಾಡಿದರು. ಮನೆಯ ಪಿಯಾನೊಗೆ ದಯವಿಟ್ಟು ಹಾಗೆ ಮಾಡಬೇಡಿ, ಫೆಲ್ಟ್ ಹಾಳಾಗುತ್ತದೆ.

ರ‍್ಯಾಗ್‌ಟೈಮ್ ರಚನಕಾರ ಸ್ಕಾಟ್ ಜೋಪ್ಲಿನ್ ತಮ್ಮ ಸ್ವರಲಿಪಿಗಳಲ್ಲೇ ಅಚ್ಚು ಹಾಕಿಸಿದ್ದರು, ಇದನ್ನು ವೇಗವಾಗಿ ನುಡಿಸಬೇಡಿ ಅಂತ. 1970ರಲ್ಲಿ ಪಿಯಾನೊವಾದಕ ಜೋಶುವಾ ರಿಫ್ಕಿನ್ ಆ ಮಾತಿಗೆ ಬೆಲೆ ಕೊಟ್ಟು, ಶ್ರುತಿಶುದ್ಧ ಪಿಯಾನೊದಲ್ಲಿ ಜೋಪ್ಲಿನ್ ರಚನೆಗಳನ್ನು ನಿಧಾನವಾಗಿ ನುಡಿಸಿದರು. 1973ರಲ್ಲಿ ‘ದಿ ಸ್ಟಿಂಗ್’ ಸಿನಿಮಾ ಬಂತು. ಅದಕ್ಕಾಗಿ ಮಾರ್ವಿನ್ ಹ್ಯಾಮ್ಲಿಶ್ ಅಳವಡಿಸಿದ ‘ದಿ ಎಂಟರ್‌ಟೇನರ್’, ಜೋಪ್ಲಿನ್ ಅವರದೇ 1902ರ ರಚನೆ, 1974ರಲ್ಲಿ ಅಮೆರಿಕದ ಪಾಪ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. 1917ರಲ್ಲಿ ತೀರಿಕೊಂಡ ಜೋಪ್ಲಿನ್ ಸಮಾಧಿಗೆ ಹೆಸರಿನ ಕಲ್ಲು ಬಂದದ್ದೂ 1974ರಲ್ಲೇ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಕೀಬೋರ್ಡಿನಲ್ಲಿ ‘ಹಾಂಕಿ ಟಾಂಕ್’ ಸದ್ದು ಇರಬಹುದು. ಅದರಲ್ಲಿ ಒಮ್ಮೆ ಒಂದು ರ‍್ಯಾಗ್ ನುಡಿಸಿ. ಆಮೇಲೆ ಸಾದಾ ಪಿಯಾನೊ ಸದ್ದಿಗೆ ಬಂದು ವೇಗ ಅರ್ಧ ಮಾಡಿ. ಎಡಗೈ ತಾಳ ಬಿಡದೆ ನಡೆಯುತ್ತಿರುತ್ತದೆ, ಬಲಗೈ ಬೇಕಂತಲೇ ಪೆಟ್ಟು ತಪ್ಪಿಸಿ ಎರಡು ಪೆಟ್ಟುಗಳ ನಡುವೆ ಬೀಳುತ್ತದೆ. ಆಗ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ.